ಮುಟ್ಟದ ಅಳತೆ

ಮಂಗಳವಾರ ಪುಣೆಯಿಂದ ಉಂಗುರಗಳು ವಾಪಸ್ಸು ಬಂದವು,
ಇನ್ನೂರಹದಿನಾರು. ಪಂಪಿನ ಸೀಲಿಗೆ ಹಾಕುವ ಕಾರ್ಬನ್ ಉಂಗುರ,
ಬಾಣಲೆಯ ತಳದ ಬಣ್ಣ, ಬಳೆಗಿಂತ ಒಂಚೂರು ದಪ್ಪ.
ಚೀಟಿಯಲ್ಲಿ ಒಂದೇ ಸಾಲು: ಮುಖದ ಮೇಲೆ ಗೀರು.

ಗೀರು ಎಳೆದವಳು ನಾನೇ.
ಒಂದನ್ನೂ ಬಿಡದೆ ನೋಡಿ ಎಂದವರೂ ಅವರೇ.
ನುಣುಪು ಎಷ್ಟಿದೆಯೆಂದು ವಜ್ರದ ಮೊನೆ ಹಾಯಿಸಿದೆ,
ಮೊನೆ ಕಾಗದದ ಮೇಲೆ ಬರೆಯಿತು: ಚೆನ್ನಾಗಿದೆ.
ಚೆನ್ನಾಗಿದ್ದದ್ದು ಅಲ್ಲಿಗೆ ಮುಗಿಯಿತು.
ಗಾಯ ಮಾಡಿ ಆರೋಗ್ಯ ವಿಚಾರಿಸುವ ಉಪಕರಣ;
ಹನ್ನೊಂದು ವರ್ಷ ಅದನ್ನೇ ನಂಬಿದ್ದೆ.

ಸಪಾಟು ನೋಡಲು ಬೇರೆ ದಾರಿಯಿತ್ತು.
ಸೋಡಿಯಂ ದೀಪದ ಹಳದಿಯಲ್ಲಿ ಗಾಜಿನ ಬಿಲ್ಲೆ ಇಟ್ಟು
ಪಟ್ಟೆ ಎಣಿಸುವುದು. ಬಾಗಿದರೆ ಬಾಗಿದಷ್ಟು ತಪ್ಪು.
ಆದರೆ ಪಟ್ಟೆ ಊರಿನ ಇಳಿಜಾರು ಹೇಳುತ್ತದೆ,
ಬೀದಿಯ ಗುಂಡಿ ಹೇಳುವುದಿಲ್ಲ.

ಒಂದೇ ವಾರದಲ್ಲಿ ಮೂವರು ಬಂದರು ಅಂತರಸನಹಳ್ಳಿಗೆ,
ಪೆಟ್ಟಿಗೆಗಳನ್ನು ಕೂಸಿನ ಹಾಗೆ ಇಳಿಸಿಕೊಂಡು.

ಮೊದಲನೆಯದು ಬಿಳಿ ಬೆಳಕನ್ನು ಎರಡಾಗಿ ಸೀಳಿ
ಮತ್ತೆ ಕೂಡಿಸಿ ಎತ್ತರ ಓದುತ್ತದೆ, ನ್ಯಾನೋಮೀಟರಿನ ಲೆಕ್ಕ.
ಹೆದ್ದಾರಿಯಲ್ಲಿ ಮರಳಿನ ಲಾರಿಯೊಂದು ಹೋಯಿತು,
ಪರದೆಯ ಗೆರೆಗಳೆಲ್ಲ ಕಲಕಿದ ನೀರಾದವು.
"ನಿಮ್ಮ ನೆಲ ಸರಿಯಿಲ್ಲ ಮೇಡಂ."
ನೆಲ ನಮ್ಮದು. ಬೆಲೆ ಅವನದು.

ಎರಡನೆಯದಕ್ಕೆ ಎರಕದ ಕಬ್ಬಿಣ ಕೊಟ್ಟರೆ ಹಬ್ಬ.
ನಮ್ಮ ನುಣುಪಿನ ಮೇಲೆ ಕಣ್ಣೂರಲು ಜಾಗ ಸಿಗದೆ
ಕನ್ನಡಿಯ ಮುಂದೆ ಕೂತ ಗುಬ್ಬಿಯ ಹಾಗೆ ದಡಬಡಿಸಿತು.

ಮೂರನೆಯದು ಸೂಜಿರಂಧ್ರ ದಾಟಿದ ಬೆಳಕನ್ನಷ್ಟೇ ನಂಬುತ್ತದೆ,
ಪದರ ಪದರವಾಗಿ ಇಳಿಯುತ್ತದೆ. ನಿಧಾನ.
ತಂದ ಹುಡುಗ ಮಾತ್ರ ಅವಸರದವನು:
"ಮುಟ್ಟೋದೇ ಇಲ್ಲ ಮೇಡಂ! ಮೇಲಿಂದ ಬೆಳಕು ಬಿಡೋದು, ಅಷ್ಟೇ."

ಲ್ಯಾಪಿಂಗ್ ತಟ್ಟೆಯ ಬಳಿಯಿಂದ ಕೈ ಒರೆಸಿಕೊಳ್ಳುತ್ತ ಬಂದ
ಗಂಗಹನುಮಯ್ಯ ನಕ್ಕರು.
"ನಮ್ಮಪ್ಪಂಗೂ ಹೋಟ್ಲಲ್ಲಿ ಹಿಂಗೇ ನೀರು ಬಿಡೋರು, ಮೇಲಿಂದ.
ಮುಟ್ದಂಗೆ ಅಳಿಯೋದು ಊರಿಗೆ ಮೊದ್ಲೇ ಗೊತ್ತಿತ್ತು ಬಿಡಪ್ಪ."
ಹುಡುಗನಿಗೆ ಅರ್ಥವಾಗಲಿಲ್ಲ, ಅಥವಾ ಆಯಿತು;
ಬ್ಯಾಗಿನ ಜಿಪ್ಪನ್ನು ಎರಡು ಸಲ ಎಳೆದ.

ಆಮೇಲೆ ಮೆಲ್ಲಗೆ ಹೇಳಿದ: ಎಣ್ಣೆ ಪಸೆ ಇರಬಾರದು,
ಇದ್ದರೆ ಬೆಳಕು ಅದನ್ನೇ ಓದುತ್ತದೆ.
ಅಂದರೆ ಮುಟ್ಟದೆ ಅಳೆಯಲು
ಮೊದಲು ಯಾರಾದರೂ ಮುಟ್ಟಿ ಒರೆಸಬೇಕು.
ಕೊಟೇಶನ್ನಿನಲ್ಲಿ ಇದು ಇರಲಿಲ್ಲ.

ಕಾರಣ ಎಂಬ ಕಲಮಿನಲ್ಲಿ ಬರೆದೆ:
ಮೂರನೆಯದು. ಕಪ್ಪು ಕಂಡರೆ ಮುಖ ತಿರುಗಿಸುವುದಿಲ್ಲ,
ಲಾರಿ ಹೋದರೆ ಅಷ್ಟಾಗಿ ಬೆಚ್ಚುವುದಿಲ್ಲ,
ನೋಡಿದ ಮೇಲೂ ಉಂಗುರ ಉಂಗುರವಾಗಿಯೇ ಇರುತ್ತದೆ.
ಸಪಾಟಿಗೆ ಹಳೆಯ ಹಳದಿ ದೀಪವೇ ಇರಲಿ,
ಒಂದೇ ಕಣ್ಣಿಗೆ ಎಲ್ಲ ಕಾಣಲೆಂಬ ಆಸೆ ಬೇಡ.
ಕೊನೆಯ ಸಾಲು ಹೊಡೆದುಹಾಕಿ
ಯಜಮಾನರು ಸಹಿ ಮಾಡಿದರು.

ಯಂತ್ರ ಕೂತ ದಿನ ಕರೆಂಟು ಮೂರು ಸಲ ಹೋಯಿತು.
ನಾಲ್ಕನೆಯ ಸಲಕ್ಕೆ ಪರದೆಯಲ್ಲಿ ಬೆಟ್ಟಸಾಲು,
ತಗ್ಗಿಗೆ ನೀಲಿ, ದಿಬ್ಬಕ್ಕೆ ಕೆಂಪು. ಅಂಚಿನ ಬಳಿ
ಯಾವ ತಟ್ಟೆಯೂ ಎಳೆಯದ ಬಾಗು ಗೆರೆಗಳು, ಒಂದರ ಪಕ್ಕ ಒಂದು,
ನಡುವೆ ಒಂದಿಷ್ಟು ಬೋಳು.
ಎತ್ತರ: ಮೈಕ್ರಾನಿನ ಮೂರನೇ ಒಂದು ಪಾಲು.

ಕನ್ನಡಕ ಹಣೆಗೇರಿಸಿ ಬಗ್ಗಿದರು ಗಂಗಹನುಮಯ್ಯ.
"ಉತ್ತ ಹೊಲ ಇದ್ದಂಗೈತೆ."
ಆಮೇಲೆ ತಮ್ಮ ಹೆಬ್ಬೆರಳು ತಿರುಗಿಸಿ ನೋಡಿಕೊಂಡರು,
ಇಪ್ಪತ್ತಾರು ವರ್ಷದ ಪುಡಿ ನಡುವೆ ತಿಂದ ಬೆರಳು.
ರೇಷನ್ ಅಂಗಡಿಯ ಯಂತ್ರ ಅದನ್ನು ಒತ್ತಿಸಿ ಒತ್ತಿಸಿ
ಈ ತಿಂಗಳೂ ವಾಪಸ್ಸು ಕಳಿಸಿದೆ.

"ಇದ್ಕೆ ಸಿಕ್ತಲ್ಲ," ಎಂದರು.

ಒರೆಸುವ ಬಟ್ಟೆ ನನ್ನ ಕೈಯಲ್ಲೇ ಇತ್ತು.
ಫೈಲಿಗೆ ಏನು ಹೆಸರಿಡಲೆಂದು
ಯಂತ್ರ ಕೇಳುತ್ತಲೇ ಇತ್ತು.